ಫಿಲ್ಟರಿನಿಂದ ನಾನು ಕಿತ್ತ ಹತ್ತಿ

…ಅಥವಾ ಹತ್ತಿ ಆಗಲೇ ಕಪ್ಪಾಗಿತ್ತೋ — ಬೆಳ್ಳಗಿತ್ತು ಎಂದೇ ನನ್ನ ನೆನಪು ಹಟ ಹಿಡಿಯುತ್ತದೆ, ಆದರೆ ನಂದವರಂ ಕಡೆಯ ಎರೆಹೊಲದ ಧೂಳು ಕುಡಿದ ಹತ್ತಿ ಬೆಳ್ಳಗಿರುವುದು ಹೇಗೆ? ಬಣ್ಣ ಏನೇ ಇರಲಿ. ಈರಣ್ಣ, ಅದನ್ನು ಟ್ರ್ಯಾಕ್ಟರಿನ ಫಿಲ್ಟರಿನಿಂದ ಕಿತ್ತು ಬಚ್ಚಿಟ್ಟವನು ನಾನು. ತುಂಬಿದವನೂ ನಾನೇ. ಕೆಲಸ ಹೋದದ್ದು ಮಾತ್ರ ನಮ್ಮ ಡ್ರೈವರನಾಗಿದ್ದ ನಿನ್ನದು.

ನಮ್ಮಲ್ಲಿ ಎರಡು ಹಳೆಯ ಟ್ರ್ಯಾಕ್ಟರುಗಳಿದ್ದವು. ಒಂದರಲ್ಲಿ ಇಂಜಿನ್ನಿಗೆ ಹೋಗುವ ಗಾಳಿ ನೀರಿನೊಳಗೆ ಹಾದು ಧೂಳನ್ನು ಅಲ್ಲೇ ಬಿಟ್ಟು ಹೋಗುತ್ತಿತ್ತು. ಬೇಸಿಗೆಯಲ್ಲಿ ಆ ನೀರು ಮಧ್ಯಾಹ್ನದೊಳಗೆ ಆರುತ್ತಿತ್ತು. ಇನ್ನೊಂದರ ಫಿಲ್ಟರು ಎಣ್ಣೆಯ ಬಟ್ಟಲು. ಧೂಳನ್ನು ಚೆನ್ನಾಗಿ ಹಿಡಿಯುತ್ತಿತ್ತು, ಆದರೆ ದಿನವೂ ಕೆಸರು ತೊಳೆದು ಹೊಸ ಎಣ್ಣೆ ಸುರಿಯಬೇಕು. ಆದೋನಿಯ ಹತ್ತಿ ವ್ಯಾಪಾರಿಯ ಮಗ ನಾನು — ಹತ್ತಿಯಿಂದ ಆಗದ್ದು ಏನಿದೆ ಎಂದುಕೊಂಡೇ ಬೆಳೆದವನು. ಬಟ್ಟಲಿನ ಎಣ್ಣೆಯನ್ನು ನಾನೇ ಹೊರಗೆ ಚೆಲ್ಲಿದೆ. ಹತ್ತಿಯಿಂದ ಬೀಜ ಬಿಡಿಸುವ ನಮ್ಮ ಜಿನ್ನಿನಿಂದ ಹತ್ತಿ ತಂದು ಅದಕ್ಕೆ ತುರುಕಿದೆ.

"ಗಾದಿ ಹಾಸೀರಿ, ಸಣ್ಣ ಸಾವ್ಕಾರ್ರ. ಇಂಜಿನ್ ಮಕ್ಕೊಂಡ್ರ ನನ್ನ ಬೈಬ್ಯಾಡ್ರಿ," ಎಂದು ನೀನು ನಕ್ಕೆ. ತೊಳೆಯುವ ಕೆಲಸ ತಪ್ಪಿತೆಂಬ ಖುಷಿಯೂ ಆ ನಗೆಯಲ್ಲಿತ್ತು — ಇತ್ತೇ? ನನ್ನ ಭಾರ ಇಳಿಯಲೆಂದು ನಾನೇ ಸೇರಿಸಿಕೊಂಡೆನೇ?

ಹತ್ತಿ ಧೂಳು ತಡೆಯಲಿಲ್ಲ. ಉಳುಮೆ ಮುಗಿಯುವ ಮೊದಲೇ ಇಂಜಿನ್ ಹೊಗೆ ಕಾರುತ್ತ ಕಸುವು ಕಳೆದುಕೊಂಡು ನಿಂತಿತು. ಅಪ್ಪ ಮೇಸ್ತ್ರಿಯನ್ನು ಕರೆತರುವಷ್ಟರಲ್ಲಿ ನಾನು ಹತ್ತಿ ಕಿತ್ತಿದ್ದೆ. ಅವರಿಗೆ ಸಿಕ್ಕದ್ದು ಬರಿದಾದ ಬಟ್ಟಲು.

"ಎಣ್ಣಿ ಎಲ್ಲೈತಲೇ? ಮಾರ್ಕೊಂಡಿಯೇನು?" ಅಪ್ಪ ನಿನ್ನನ್ನು ಕೇಳಿದ.

"ಮಾರಿಲ್ರಿ. ಸಣ್ಣ ಸಾವ್ಕಾರ್ರನ್ನ ಕೇಳ್ರಿ."

"ನನಗೇನು ಗೊತ್ತಪಾ," ಎಂದೆ ನಾನು. "ಅದು ಅವನ ಕೆಲಸ."

ನೀನು ಹತ್ತಿರ ಬಂದೆ. ಹೊಡೆಯುತ್ತೀ ಎಂದುಕೊಂಡೆ. ನೀನು ನನ್ನ ತೋಳಿಗೆ ಅಂಟಿದ್ದ ಹತ್ತಿಯ ಎಳೆಯೊಂದನ್ನು ಬಿಡಿಸಿ, ಅಪ್ಪನ ಕಣ್ಣಿಗೆ ಬೀಳುವ ಮೊದಲೇ ಗಾಳಿಗೆ ಊದಿಬಿಟ್ಟೆ.

"ಅಂಗಿ ಝಾಡಿಸ್ಕೋರಿ, ಸಣ್ಣ ಸಾವ್ಕಾರ್ರ."

ಅಷ್ಟೇ. ಎಣ್ಣೆ ಕಳ್ಳನೆಂಬ ಹೆಸರು ಹೊತ್ತ ನಿನಗೆ ಆದೋನಿಯಲ್ಲಿ ಮತ್ತೆ ಯಾರೂ ಸ್ಟೇರಿಂಗ್ ಕೊಡಲಿಲ್ಲ. ನೀನು ಹೆಂಡತಿ ಮಕ್ಕಳೊಡನೆ ಕೋಸಗಿಯಲ್ಲಿ ಗುಳೆ ಹೊರಟ ಕೂಲಿಯವರ ಜೊತೆ ರೈಲು ಹತ್ತಿದೆಯಂತೆ. ನಾನು ಸ್ಟೇಷನ್ನಿಗೆ ಬರಲಿಲ್ಲ. ಅಪ್ಪ ಸಾಯುವವರೆಗೆ ನಾನು ನಿಜ ಹೇಳಲಿಲ್ಲ. ಆಮೇಲೆ ಕೋಸಗಿಗೆ ಹೋಗಿ ವಿಚಾರಿಸಿದೆ, ನೀನೆಲ್ಲಿದ್ದೀ ಎಂದು ಹೇಳುವವರು ಸಿಗಲಿಲ್ಲ.

ಆ ಎಳೆ — ನಮ್ಮ ಮನೆಯಲ್ಲಿ ಎಲ್ಲರ ಅಂಗಿಗೂ ಅಂಟುವ ಜಿನ್ನಿನ ಬಿಳಿ ಎಳೆಯೇ ಆಗಿದ್ದರೆ, ನಿನ್ನ ಕೈಗೆ ಸಾಕ್ಷಿಯೇ ಸಿಕ್ಕಿರಲಿಲ್ಲ. ಕಪ್ಪಗಿದ್ದರೆ ಅದು ಬಟ್ಟಲಿನದು. ಆಗ ನನ್ನ ಸುಳ್ಳನ್ನು ಬೆರಳಲ್ಲಿ ಹಿಡಿದೂ ನೀನು ನನ್ನನ್ನು ಬಿಟ್ಟುಕೊಡಲಿಲ್ಲ. ಕಣ್ಣು ಮುಚ್ಚುತ್ತೇನೆ, ನಿನ್ನ ಬೆರಳು ಕಾಣುತ್ತದೆ, ತುಟಿ ಕಾಣುತ್ತದೆ, ಎಳೆ ಹಾರುವುದೂ ಕಾಣುತ್ತದೆ.

ಅದರ ಬಣ್ಣ ನನಗೆ ಗೊತ್ತಿಲ್ಲ.