ಅವ್ವಂದಿರ ಹೆಸರಿಗೆ ಬರೆದ ಪುಸ್ತಕಗಳು

ನಮ್ಮೂರ ಪಂಚಾಯ್ತಿ ಗ್ರಂಥಾಲಯಕ್ಕ ಇರೋದು ಒಂದ ಬಾಗಿಲು. ಬಾಗಿಲದಾಗ ಬೆಂಚು, ಬೆಂಚಿನ ಮುಂದ ನನ್ನ ಮೇಜು, ಮೇಜಿನ ಮ್ಯಾಲೆ ರಿಜಿಸ್ಟರು. ಯಾರು ಯಾವ ಪುಸ್ತಕ ಒಯ್ದರು ಅಂತ ಅದರಾಗ ಬರೀತೀನಿ. ಅದು ಎಲ್ಲರಿಗೂ ಕಾಣೋಹಂಗ ಮೇಜಿನ ಮ್ಯಾಲೇ ಇರಬೇಕಂತ ಅಪ್ಪಣಿ. ಪೇಪರ್ ಓದಾಕ ಬರೋ ಹಿರೇರು ಮೊದಲು ಪೇಪರ್ ಬಿಚ್ಚಂಗಿಲ್ಲ, ರಿಜಿಸ್ಟರು ತಿರುವ್ತಾರ. "ಇಂಥವನ ಮಗಳು ಕಾದಂಬರಿ ಒಯ್ದಾಳ ನೋಡು" ಅಂತ ಒಬ್ಬ ಅಂದ್ರ ಸಾಕು, ಸಂಜಿಯೊಳಗ ಆ ಮಾತು ಆಕಿ ಮನಿ ಮುಟ್ಟಿರ್ತೈತಿ. ಮರುದಿನದಿಂದ ಆಕಿ ಬರಂಗಿಲ್ಲ. ಹಿಂಗ ನಾನು ನಾಕು ಹುಡುಗೇರನ್ನ ಕಳಕೊಂಡೆ.

ಹಗರಿಬೊಮ್ಮನಹಳ್ಳಿಯಿಂದ ಈ ಊರಿಗೆ ಸೊಸಿಯಾಗಿ ಬಂದಾಕಿ ನಾನು. ಹದಿನೈದು ವರ್ಷದಾಕಿ ಇದ್ದಾಗ ನನ್ನ ಕೈಯಾಗೂ ಯಾರೂ ಒಂದು ಕತಿ ಪುಸ್ತಕ ಇಟ್ಟಿರ್ಲಿಲ್ಲ. ಆ ಸಿಟ್ಟು ಇನ್ನೂ ಆರಿಲ್ಲ. ಹಳೇ ರಿಜಿಸ್ಟರು ತುಂಬಿ ಹೊಸಾದು ಬಂದಾಗ ಒಂದು ಉಪಾಯ ಮಾಡಿದೆ. ಹುಡುಗೇರು ಒಯ್ಯೋ ಪುಸ್ತಕನೆಲ್ಲಾ ಅವರವ್ವಂದಿರ ಹೆಸರಿಗೆ ಬರಕೊಂಡೆ. ಅವ್ವಂದಿರಾಗ ಅರ್ಧ ಮಂದಿಗೆ ಅಕ್ಷರ ಬರಂಗಿಲ್ಲ, ಅದು ಬ್ಯಾರೆ ಮಾತು. ಹೆಂಗಸರ ಹೆಸರು ಕಂಡ್ರ ಪುರಾಣ ಗಿರಾಣ ಇರಬೇಕು ಅಂತ ಬೆಂಚಿನವರು ಮುಂದಿನದು ಓದದನ ಪುಟ ತಿರುವ್ತಿದ್ರು. ನನಗ ನಾನ ಶಭಾಷ್ ಅಂದ್ಕೊಂಡೆ.

ಆ ಹುಡುಗೇರಾಗ ಒಬ್ಬಾಕಿ ಹತ್ತನೇತ್ತಿ ಪಾಸಾಗಿ ಮನ್ಯಾಗ ಕುಂತಾಕಿ. ಬಸ್ಸಿನಾಗ ಗಂಡು ಹುಡುಗರ ಗದ್ದಲ ಅಂತ ನೆಪ ಹೇಳಿ ಕೊಟ್ಟೂರಿನ ಕಾಲೇಜಿಗೆ ಕಳಿಸಿರ್ಲಿಲ್ಲ. ಮನಿ ಬಿಟ್ಟು ಆಕಿ ಒಬ್ಬಾಕಿನ ಬರಬಹುದಾದ ಜಾಗ ಅಂದ್ರ ನನ್ನ ಈ ಖೋಲಿ ಒಂದ. ಬೆಂಚಿನ ಮ್ಯಾಲೆ ಕುಂತಿರೋ ಸ್ವಂತ ದೊಡ್ಡಪ್ಪಗ ಕೇಳೋಹಂಗ "ಅವ್ವ ಪುಸ್ತಕ ತಗೊಂಬಾ ಅಂದಾಳ್ರಿ" ಅಂತ ಹೇಳಿ ಒಳಗ ಬರ್ತಿದ್ಲು. ಒಂದಿನ ಕಪಾಟಿನ ಮರಿಗೆ ನಿಂತು ಮೆಲ್ಲಕ ಕೇಳಿದ್ಲು.

"ಅಕ್ಕಾರ, ನನ್ನ ವಯಸ್ಸಿನಾಕಿ ಒಬ್ಬಾಕಿನ ಎಲ್ಲಿಗಾರ ಹೋಗಿಬರೋ ಕತಿ ಐತೇನ್ರಿ?"

ಎಲ್ಲಿಂದ ತರ್ಲಿ? ಮ್ಯಾಲಿಂದ ಬರೋ ಗಂಟಿನಾಗ ಪರೀಕ್ಷಾ ಪುಸ್ತಕ, ದೊಡ್ಡ ಮನುಷ್ಯರ ಚರಿತ್ರೆ, ಅಷ್ಟ. "ಈ ಎರಡು ಕಪಾಟು ಓದಿ ಮುಗಿಸೀನ್ರಿ" ಅಂದ್ಲು. "ಇನ್ನ ಹೊಸಾದು ಬರದಿದ್ರ ಇಲ್ಲಿಗೆ ಬರಾಕ ನನಗ ನೆಪ ಇಲ್ಲ."

ಆ ವರ್ಷ ದೇವರು ಕಣ್ಣು ಬಿಟ್ಟ ಅನ್ಕೊಂಡೆ. ಹರೇದ ಹುಡುಗ ಹುಡುಗೇರಿಗೆ ಪುಸ್ತಕ ತರಿಸೋದೈತಿ, ಏನು ಬೇಕು ಬರದು ಕೊಡ್ರಿ ಅಂತ ಪಂಚಾಯ್ತಿಯ ಪಿಡಿಒ ಸಾಹೇಬರು ಹೇಳಿ ಕಳಿಸಿದ್ರು. ಎಂಟು ದಿನ ಕುಂತು ಬರದೆ. ಪತ್ತೇದಾರಿ, ಚಿತ್ರಕತಿ, ಆಕಾಶದ ಪುಸ್ತಕ, ಹೆಣ್ಣುಮಕ್ಕಳ ಮೈಯಾಗಿನ ಬದಲಾವಣಿ ತಿಳಿಸಿ ಹೇಳೋ ಪುಸ್ತಕ. ಎಲ್ಲಕ್ಕಿಂತ ಮ್ಯಾಲೆ, ಹುಡುಗೇರು ಊರು ಬಿಟ್ಟು ತಿರುಗೋ ಕತಿಗಳು.

ಸಾಹೇಬರು ತಾವ ಬಂದ್ರು. ಒಳ್ಳೇ ಮನುಷ್ಯ, ಸುಳ್ಳು ಯಾಕ ಹೇಳ್ಲಿ. ನನ್ನ ಪಟ್ಟಿ ಓದಿ, ರಿಜಿಸ್ಟರು ಎಳಕೊಂಡು ಹೆಸರಿನ ಸಾಲಿನ ಮ್ಯಾಲೆ ಬೆರಳಾಡಿಸಿದ್ರು.

"ಪಟ್ಟಿ ಚಲೋ ಐತಿ ಮೇಡಂ. ಆದ್ರ ಓದೋರ್ಯಾರು? ಇದರಾಗ ಹರೇದ ಹುಡುಗರ ಹೆಸರಿಲ್ಲ, ಒಂದು ಹುಡುಗಿ ಹೆಸರೂ ಇಲ್ಲ. ನಿಮ್ಮಲ್ಲಿ ಓದೋರೆಲ್ಲಾ ಮನೆವಾರ್ತಿ ಮಾಡೋ ಹೆಣ್ಣುಮಕ್ಕಳು. ಅವರಿಗೆ ಬೇಕಾದ್ದ ತರಿಸೋಣ, ಏನಂತೀರಿ?"

ಬೆಂಚಿನ ಮ್ಯಾಲಿದ್ದ ಆ ಹುಡುಗಿ ದೊಡ್ಡಪ್ಪ ಪೇಪರ್ ಕೆಳಗಿಳಿಸಿ ನನ್ನ ಮಾರಿ ನೋಡಿದ. ನಿಜ ಹೇಳಿದ್ರ ಅಷ್ಟೂ ಹುಡುಗೇರು ನಾಳಿಯಿಂದ ಬಂದ್. ಹೇಳದಿದ್ರ ಪುಸ್ತಕ ಬರಂಗಿಲ್ಲ. ಇದ್ದ ಒಂದು ಬಾಗಿಲಿಗೂ ಬೆಂಚಿನವರೆಲ್ಲಾ ಅಡ್ಡ ಕುಂತಿದ್ರು.

"ಹೌದ್ರಿ ಸರ" ಅಂದೆ. ಆ ಎರಡು ಮಾತಿಗೆ ನನ್ನ ನಾನು ಇವತ್ತಿಗೂ ಬೈಕೋತೀನಿ.

ಎರಡು ತಿಂಗಳಿಗೆ ಗಂಟು ಬಂತು. ಹೊಸಾವು ಬಂದಾವಂತ ಕೇಳಿ ಆಕಿ ಓಡಿ ಬಂದ್ಲು, ಸುತಳಿ ತಾನ ಬಿಚ್ಚಿದ್ಲು. ರಂಗೋಲಿ, ಕಸೂತಿ, ವ್ರತದ ಕತಿ, ಉಪ್ಪಿನಕಾಯಿ ಹಾಕೋದು ಹೆಂಗ. ಒಂದೊಂದ ತಗದು ತಿರುಗಿಸಿ ಕೆಳಗಿಟ್ಲು. ಎಲ್ಲಾ ನೋಡೋತನಕ ನನ್ನ ಕಡೆ ಕಣ್ಣೆತ್ತಲಿಲ್ಲ.

"ಮುಂದಿನ ಸಲ" ಅಂತ ನಾನು ಬಾಯಿ ತಗದೆ. ಆಕಿ ಉಪ್ಪಿನಕಾಯಿ ಪುಸ್ತಕ ತಂದು ಮೇಜಿನ ಮ್ಯಾಲಿಟ್ಲು. ರೂಢಿಯಂತೆ ಅವರವ್ವನ ಹೆಸರು ಬರಿಯಾಕ ಪೆನ್ನು ಹಿಡಿದೆ.

"ಬ್ಯಾಡ್ರಿ, ಅದನ್ನ ನನ್ನ ಹೆಸರಿಗೇ ಬರಕೊಳ್ರಿ" ಅಂದ್ಲು, ಬೆಂಚಿಗೆಲ್ಲಾ ಕೇಳೋಹಂಗ. "ಇದಕ್ಕ ಅವ್ವನ ಹೆಸರು ಯಾಕ ಬೇಕು?"

"ಈಗ ಬುದ್ಧಿ ಬಂತು ನೋಡು" ಅಂದ ದೊಡ್ಡಪ್ಪ, ಖುಷಿಯಿಂದ.

ಪುಸ್ತಕ ತಿರುಗಿ ಕೊಡಾಕ ಬಂದಾಕಿ ಅವರವ್ವ. ಮಗಳು ಅದನ್ನ ಬಿಚ್ಚಿ ಸೈತ ನೋಡಿಲ್ರಿ, ಇನ್ನ ಬರಂಗಿಲ್ಲ ಅಂದಾಳ ಅಂತ ಹೇಳಿ ಹೋದ್ಲು. ಇವತ್ತಿಗೂ ಆ ರಿಜಿಸ್ಟರಿನಾಗ ಹುಡುಗಿಯ ಹೆಸರು ಅಂತ ಇರೋದು ಆಕಿದೊಂದ, ಅದರ ಮುಂದ ಉಪ್ಪಿನಕಾಯಿ ಪುಸ್ತಕ, ನನ್ನ ಕೈಬರಹದಾಗ.