ಬಾಲ್ಕನಿಯಲ್ಲಿ ಕೂತಿದ್ದವರು

ದೆವ್ವ ಭೂತಗಳ ಮಾತು ಬಂದರೆ ನಾನು ನಕ್ಕುಬಿಡುತ್ತಿದ್ದೆ. ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದವಳು ನಾನು. ಹೊಳೆ ದಂಡೆಯಲ್ಲಿ ಯಾರೋ ಹೆಸರು ಹಿಡಿದು ಕೂಗಿದರು, ಹುಣಸೆಮರದ ಕೆಳಗೆ ಏನೋ ಕಂಡಿತು ಎಂದು ಮಕ್ಕಳು ಹೇಳಿದರೆ, "ಮೊದಲು ಕಣ್ಣು ಪರೀಕ್ಷೆ ಮಾಡಿಸ್ಕೊಳ್ಳಿ" ಎನ್ನುತ್ತಿದ್ದೆ. ನಮ್ಮ ಮನೆಯವರು ಅದೇ ಊರಿನ ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ನಮ್ಮಲ್ಲಿ ರಾಹುಕಾಲ ನೋಡುವ ಅಭ್ಯಾಸವೂ ಇರಲಿಲ್ಲ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಬರೆಯಲಿರುವುದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನೇ ನಂಬುತ್ತಿರಲಿಲ್ಲ. ನೀವೂ ನಂಬಲೇಬೇಕೆಂದೇನಿಲ್ಲ. ಅದು ನಡೆದದ್ದು ಅಮಾವಾಸ್ಯೆಯ ರಾತ್ರಿಯಲ್ಲೂ ಅಲ್ಲ, ಹಾಡುಹಗಲಿನಲ್ಲಿ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷ ಆಗಿತ್ತು. ಕೈಯಲ್ಲಿದ್ದ ಉಳಿತಾಯವನ್ನು ಬ್ಯಾಂಕಿನಲ್ಲಿಡುವ ಬದಲು ಹಾಸನದಲ್ಲಿ ಒಂದು ಮನೆ ತೆಗೆದುಕೊಂಡು ಬಾಡಿಗೆಗೆ ಬಿಡೋಣ ಎಂದು ಇವರು ಹೊರಟರು. ಸೈಟು ಕೊಂಡು ಕಟ್ಟಿಸುವ ಪಡಿಪಾಟಲು ಬೇಡ, ಕಟ್ಟಿದ್ದೇ ಆಗಲಿ ಎಂದು ಹುಡುಕಿದಾಗ ಸಿಕ್ಕಿದ್ದು ಬಸ್‌ಸ್ಟ್ಯಾಂಡಿಗೆ ನಡೆದುಹೋಗುವಷ್ಟು ಹತ್ತಿರದ ಒಂದು ಹಳೆಯ ಫ್ಲ್ಯಾಟು. "ಇನ್ನೊಬ್ಬರ ತಲೆ ಮೇಲೆ ಸಂಸಾರ ಮಾಡೋದಾ?" ಎಂದು ಹಾಸನದವರು ಮೂಗು ಮುರಿಯುತ್ತಿದ್ದ ಕಾಲದಲ್ಲಿ ಯಾರೋ ಧೈರ್ಯ ಮಾಡಿ ಕಟ್ಟಿಸಿದ ಕಟ್ಟಡ. ಎರಡನೇ ಮಹಡಿಯ ಮನೆ. ಒಂದು ಹಾಲು, ಒಂದು ರೂಮು, ಇಬ್ಬರು ನಿಂತರೆ ತುಂಬಿಹೋಗುವ ಅಡಿಗೆಮನೆ, ಹಿಂದುಗಡೆ ಕಂಬಿ ಹಾಕಿದ ಪುಟ್ಟ ಬಾಲ್ಕನಿ. ಬಾಲ್ಕನಿಯಿಂದ ಕಾಣುತ್ತಿದ್ದದ್ದು ಒಂದು ಛತ್ರದ ಹಿಂಗೋಡೆ ಮತ್ತು ನಾಲ್ಕಾರು ತೆಂಗಿನಮರ, ಅಷ್ಟೇ. ನನಗೇನೂ ಅಂಥ ಇಷ್ಟವಾಗಲಿಲ್ಲ. ಮಾರುವವರು ಬೆಂಗಳೂರಿನಲ್ಲಿ ನೆಲೆಸಿದ್ದ ಸಭ್ಯ ಜನ. ಕಾಗದಪತ್ರಗಳು ಸರಿಯಾಗಿದ್ದವು. ತೆಗೆದುಕೊಂಡೆವು.

ಬಾಡಿಗೆಗೆ ಬಂದದ್ದು ಅರಕಲಗೂಡು ಕಡೆಯ ರೇಣುಕಾ ಮತ್ತು ಅವಳ ಗಂಡ. ಹೊಸದಾಗಿ ಮದುವೆಯಾದವರು. ಗಂಡ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್, ಬೆಳಿಗ್ಗೆ ಹೋದರೆ ಬರುವುದು ಕತ್ತಲಾದ ಮೇಲೆ. ರೇಣುಕಾ ಚೊಕ್ಕಟದ ಹುಡುಗಿ, ಮನೆಯನ್ನು ಕನ್ನಡಿಯ ಹಾಗೆ ಇಟ್ಟಿದ್ದಳು. ಬಾಡಿಗೆ ತರಲು ಹೋದಾಗಲೆಲ್ಲ ನನಗೆ ಕಾಫಿ ಕೊಡದೆ ಕಳಿಸುತ್ತಿರಲಿಲ್ಲ. ಮನೆ ಕೇಳಲು ನಮ್ಮೂರಿಗೆ ಬಂದಿದ್ದಾಗ ಇವರನ್ನು ಒಮ್ಮೆ ಕಂಡಿದ್ದಳು, ಅಷ್ಟೇ; ಇವರು ಆ ಕಡೆ ತಲೆಹಾಕುತ್ತಿರಲಿಲ್ಲ. ಕೊಂಡ ಮೇಲೆ ಮನೆಯ ವ್ಯವಹಾರವೆಲ್ಲ ನನ್ನದೇ ಆಗಿತ್ತು.

ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ ಹೋದಾಗ ರೇಣುಕಾ ಕಾಫಿ ಕೊಟ್ಟು ಎದುರಿಗೇ ನಿಂತುಕೊಂಡಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ಅಕ್ಕ, ತಪ್ಪು ತಿಳ್ಕಬ್ಯಾಡಿ. ಮನೆ ನಿಮ್ದು, ಬರಬ್ಯಾಡಿ ಅನ್ನಕ್ಕಾಯ್ತದಾ? ಆದ್ರೆ ನಮ್ಮನೆಯೋರು ಇಲ್ದಿರೋ ಒತ್ತಲ್ಲಿ ಮೇಷ್ಟ್ರು ಬಂದು ಕುಂತ್ಕತಾರೆ. ಅಕ್ಕಪಕ್ಕದೋರು ಏನಂದ್ಕತಾರೆ ಏಳಿ?" ಎಂದಳು.

"ಯಾವ ಮೇಷ್ಟ್ರು?" ಎಂದೆ.

"ಯಾವ ಮೇಷ್ಟ್ರು ಅಂದ್ರೆ? ನಿಮ್ಮೆಜಮಾನ್ರು ಕಣಕ್ಕ. ಬಾಲ್ಕನೀಲಿ ಕುಂತಿರ್ತಾರೆ. ಕಾಫಿ ಕೊಟ್ರೆ ಬ್ಯಾಡ ಅಂತಾರೆ. 'ಅವಳು ಬಂದ್ಲಾ?' ಅಂತ ಒಂದ್ಸಲ ಕೇಳ್ತಾರೆ. ಇಲ್ಲ ಅಂದ್ರೆ ಸುಮ್ನಾಯ್ತಾರೆ. ಯಾವಾಗ ಬತ್ತಾರೆ, ಯಾವಾಗ ಓಯ್ತಾರೆ, ಒಂದೂ ಗೊತ್ತಾಗಾಕಿಲ್ಲ. ಇನ್ನೊಂದು ಬೀಗದ ಕೈ ಮಡಿಕ್ಕೊಂಡವ್ರೆ ಅಂತ ನಾವಂದ್ಕೊಂಡೋ."

ಕಾಫಿ ಲೋಟ ಕೆಳಗಿಟ್ಟೆ. ಆ ಹೊತ್ತಿಗೆ ನನ್ನ ಮನಸ್ಸಿಗೆ ಹೊಳೆದದ್ದು ದೆವ್ವವಲ್ಲ. ಹಗಲೆಲ್ಲ ಒಬ್ಬಳೇ ಇರುವ ಚಿಕ್ಕ ವಯಸ್ಸಿನ ಹೆಣ್ಣಿನ ಮನೆಗೆ ಗಂಡ ಕದ್ದು ಹೋಗಿ ಕೂರುತ್ತಾನೆಂದರೆ ಹೆಂಡತಿಗೆ ಏನು ಹೊಳೆಯುತ್ತದೋ ಅದೇ ಹೊಳೆಯಿತು. ಬಸ್ಸಿನಲ್ಲಿ ಹೊಳೆನರಸೀಪುರ ಬರುವ ತನಕ ಕಿಟಕಿಯಾಚೆ ಏನಿತ್ತೋ ನಾನು ಕಾಣೆ.

ಸಂಜೆ ಇವರನ್ನು ಕೇಳಿಯೇಬಿಟ್ಟೆ. ಮೊದಲು ನಕ್ಕರು. ನಾನು ನಗದಿದ್ದದ್ದು ಕಂಡು ಮುಖ ಚಿಕ್ಕದು ಮಾಡಿಕೊಂಡರು. "ರಿಜಿಸ್ಟ್ರಿ ಆದ ಮೇಲೆ ಆ ಮನೆ ಮೆಟ್ಟಿಲು ಹತ್ತಿಲ್ಲ ಕಣೇ ನಾನು. ಇಷ್ಟು ವರ್ಷ ಸಂಸಾರ ಮಾಡಿ ಇದಾ ನೀನು ನನ್ನನ್ನ ಕಂಡಿದ್ದು?" ಎಂದರು. ಆಮೇಲೆ ಎಷ್ಟೋ ದಿನ ನಮ್ಮ ನಡುವೆ ಊಟ ಬಡಿಸುವ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ.

ರೇಣುಕಾ ಹೇಳಿದ್ದರಲ್ಲಿ ಬುಧವಾರದ ಮಧ್ಯಾಹ್ನ ಹೆಚ್ಚಾಗಿ ಬರುತ್ತಿತ್ತು. ಬುಧವಾರ ಇವರಿಗೆ ಪ್ರಾಕ್ಟಿಕಲ್ ತರಗತಿ. ನಾಚಿಕೆ ಬಿಟ್ಟು ಒಂದು ಬುಧವಾರ ಅರ್ಧ ದಿನ ರಜೆ ಹಾಕಿ ಕಾಲೇಜಿಗೆ ಹೋದೆ. ಯಾರನ್ನೋ ನೋಡಲು ಬಂದವಳ ಹಾಗೆ ಪ್ರಯೋಗಶಾಲೆಯ ಎದುರಿನ ಕಟ್ಟೆಯ ಮೇಲೆ ಕೂತೆ. ಕಿಟಕಿಯಲ್ಲಿ ಇವರು ಕಾಣುತ್ತಿದ್ದರು, ಹುಡುಗರ ಮಧ್ಯೆ ನಿಂತು ದಾರಕ್ಕೆ ಕಟ್ಟಿದ ಗುಂಡನ್ನು ತೂಗಿಬಿಟ್ಟು ತೋರಿಸುತ್ತಿದ್ದರು. ಗಂಟೆ ಹೊಡೆಯುವ ತನಕ ಅಲ್ಲೇ ಇದ್ದೆ. ಮನಸ್ಸು ಹಗುರಾಗಿ ಮನೆಗೆ ಬಂದು, ಬಹಳ ದಿನದ ಮೇಲೆ ಇವರಿಗೆ ಇಷ್ಟವಾದ ಅವರೆಕಾಳಿನ ಸಾರು ಮಾಡಿದೆ.

ಊಟಕ್ಕೆ ಕೂರುವ ಹೊತ್ತಿಗೆ ಫೋನು ಬಂತು. ರೇಣುಕಾ, ಅಂಗಡಿಯ ಕಾಯಿನ್ ಫೋನಿನಿಂದ ಮಾಡಿದ್ದಳು. "ಅಕ್ಕ, ಇವತ್ತೂ ಬಂದಿದ್ರು. ಮಧ್ಯಾನ್ದಿಂದ ಇದ್ರು. ನಾವು ಮನೆ ಖಾಲಿ ಮಾಡ್ತೀವಿ ಕಣಕ್ಕ, ಬೇಜಾರು ಮಾಡ್ಕಬ್ಯಾಡಿ."

ಇವರು ಎದುರಿಗೇ ಕೂತು ಅನ್ನಕ್ಕೆ ಸಾರು ಕಲಸುತ್ತಿದ್ದರು. ಫೋನಿಟ್ಟು ಬಂದು ಇನ್ನೊಂದು ಸೌಟು ಸಾರು ಬಡಿಸಿದೆ.

ರೇಣುಕಾ ಮನೆ ಬಿಟ್ಟಳು. ಯಾರೋ ಇವರನ್ನೇ ಹೋಲುವ ಮನುಷ್ಯ ಬಂದು ಕೂರುತ್ತಿರಬೇಕು, ಹಳೆಯ ಬೀಗದ ಕೈ ಅವನ ಬಳಿ ಇರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬೀಗ ಬದಲಾಯಿಸಿದೆ. ಸುಣ್ಣಬಣ್ಣ ಮಾಡಿಸಿ ಬೇರೆಯವರಿಗೆ ಕೊಡೋಣವೆಂದು ಪೇಂಟರನ್ನು ಗೊತ್ತುಮಾಡಿದೆ. ಅಷ್ಟರಲ್ಲಿ ಇವರು ಬಚ್ಚಲಲ್ಲಿ ಜಾರಿ ಬಿದ್ದು ಬಲಗಾಲು ಮುರಿದುಕೊಂಡರು. ಪಾದದಿಂದ ಮೊಣಕಾಲ ತನಕ ಪ್ಲಾಸ್ಟರ್. ಮಂಚದಿಂದ ಇಳಿಯಬೇಕಾದರೂ ಇಬ್ಬರು ಹಿಡಿಯಬೇಕು. ನೋಡಿಕೊಳ್ಳಲು ನನ್ನ ನಾದಿನಿ ಸರೋಜ ಚನ್ನರಾಯಪಟ್ಟಣದಿಂದ ಬಂದಿದ್ದಳು.

ಬಣ್ಣದ ಕೆಲಸ ಮುಗಿಯಿತೆಂದು ಪೇಂಟರ್ ತಿಳಿಸಿದ. ಸರೋಜ ಇದ್ದಾಳಲ್ಲ ಎಂಬ ಧೈರ್ಯದ ಮೇಲೆ ನೋಡಿಬರಲು ಹೊರಟೆ. ಹೊರಡುವಾಗ ಇವರು ದಿಂಬಿಗೊರಗಿ ಪೇಪರು ಓದುತ್ತಿದ್ದರು. ನಾನು ಹಾಸನ ತಲುಪಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಕಟ್ಟಡದ ಕೆಳಗಿನ ಮನೆಯ ಜಯಮ್ಮ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ನನ್ನನ್ನು ಕಂಡವರೇ, "ಮೇಷ್ಟ್ರು ಆಗ್ಲೇ ಬಂದವ್ರೆ ಕಣಮ್ಮ, ಮ್ಯಾಲವ್ರೆ" ಎಂದು ದಾರಿ ಬಿಟ್ಟರು.

ಅವತ್ತು ಅಲ್ಲಿಂದಲೇ ಹಿಂತಿರುಗಬಹುದಿತ್ತು. ಆದರೆ ಇವತ್ತು ಆ ಮನುಷ್ಯ ಕೈಗೆ ಸಿಕ್ಕ ಎಂಬ ಸಿಟ್ಟಿನಲ್ಲೇ ಹತ್ತಿದೆ. ಬಾಗಿಲಿಗೆ ಹೊಸ ಬೀಗ ಹಾಕಿದ ಹಾಗೇ ಇತ್ತು. ಅದನ್ನು ಕಂಡು ಜಯಮ್ಮನ ಕಣ್ಣೂ ಮಂಜಾಗಿದೆ ಎಂದುಕೊಂಡೆ. ಬೀಗ ತೆಗೆದು ಒಳಗೆ ಕಾಲಿಟ್ಟೆ. ಹಸಿ ಬಣ್ಣದ ವಾಸನೆ. ಬಾಲ್ಕನಿಯ ಬಾಗಿಲು ತೆರೆದಿತ್ತು. ಪೇಂಟರ್ ಬಿಟ್ಟುಹೋದ ಡಬ್ಬವನ್ನು ಬೋರಲು ಹಾಕಿಕೊಂಡು ಅದರ ಮೇಲೆ ಇವರು ಕೂತಿದ್ದರು.

ಯಾರೋ ಇವರ ಹಾಗಿರುವವರಲ್ಲ, ಇವರೇ. ನೆತ್ತಿಯಲ್ಲಿ ಕೂದಲು ತೆಳುವಾಗಿದ್ದ ಜಾಗ, ಬಲಭುಜ ಸ್ವಲ್ಪ ಇಳಿಬಿಟ್ಟು ಕೂರುವ ರೀತಿ, ಎಲ್ಲ ಇವರದೇ. ನಾನು ಬಂದ ಸದ್ದಿಗೆ ತಿರುಗಿದರು. "ಬಂದ್ಯಾ? ಎಷ್ಟು ಹೊತ್ತು ಮಾಡ್ದೆ?" ಎಂದರು.

ನನಗೆ ಆಗ ಭಯವಾಗಲಿಲ್ಲ. ಇದನ್ನು ನೀವು ಹೇಗೆ ತೆಗೆದುಕೊಳ್ಳುತ್ತೀರೋ ತಿಳಿಯದು. ಗಂಡನನ್ನು ಕಂಡರೆ ಯಾವ ಹೆಂಗಸಿಗೆ ಭಯವಾಗುತ್ತದೆ? ಎಷ್ಟೋ ವರ್ಷದ ರೂಢಿಯಲ್ಲಿ ಬಾಯಿ ತಾನಾಗಿ, "ಆ ಕಾಲಿಟ್ಕೊಂಡು ಮೆಟ್ಟಿಲು ಯಾಕ್ರೀ ಹತ್ತಿದ್ರಿ?" ಎಂದು ಬೈಯಿತು.

"ಯಾವ ಕಾಲು?" ಎಂದರು.

ಆಗ ನೋಡಿದೆ. ಬಲಗಾಲನ್ನು ಎಡತೊಡೆಯ ಮೇಲೆ ಹಾಕಿಕೊಂಡು ಆರಾಮವಾಗಿ ಅಲ್ಲಾಡಿಸುತ್ತಿದ್ದರು. ಪ್ಲಾಸ್ಟರ್ ಇರಲಿಲ್ಲ. ಪಾದ ಬರಿದಾಗಿತ್ತು, ಒಂದಿಷ್ಟೂ ಧೂಳಿರಲಿಲ್ಲ.

"ಬಾಗಿಲು ಹಾಕ್ಕೊಂಡು ಬಾ, ಕೂತ್ಕೋ. ಇನ್ಯಾರೂ ಬರಲ್ಲ ಈಗ" ಎಂದರು. ಆ ದನಿಯಲ್ಲಿ ಗದರಿಕೆ ಇರಲಿಲ್ಲ. ದಣಿದು ಬಂದವಳನ್ನು ಕೂರಿಸಿಕೊಳ್ಳುವ ದನಿ. ನಿಜ ಹೇಳುತ್ತೇನೆ, ಅವರು ಹೇಳಿದ ಹಾಗೆ ನಾನು ಬಾಗಿಲ ಬಳಿಗೆ ಹೋದೆ. ಬಾಗಿಲು ತಳ್ಳಿ ಚಿಲಕದ ಮೇಲೆ ಕೈಯಿಟ್ಟೆ. ಹೋಗಿ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಡಬೇಕು ಎಂಬ ಆಸೆ ಎದೆಯಲ್ಲಿ ತುಂಬಿ ಬಂತು. ಆ ಕ್ಷಣಕ್ಕೆ ನನಗೆ ಊರು, ಶಾಲೆ, ಮನೆಯಲ್ಲಿ ಮಲಗಿದ್ದವರು, ಯಾವುದೂ ನೆನಪಿರಲಿಲ್ಲ.

ಕೆಳಗೆ ಜಯಮ್ಮ ಸೊಪ್ಪಿನ ಬುಟ್ಟಿ ಕೊಡವಿದ ಸದ್ದಾಯಿತು. ಅಷ್ಟೇ. ಹೇಗೋ ಏನೋ, ನಾನು ಬಾಗಿಲ ಹೊರಗಿದ್ದೆ. ಬಾಗಿಲೆಳೆದು ಬೀಗ ಹಾಕಿದೆ. ಒಳಗಿನಿಂದ "ಇವಳೇ..." ಎಂದು ಕರೆದರು. ಸ್ನಾನಕ್ಕೆ ಹೋದವರು ಟವೆಲಿಗಾಗಿ ಕರೆಯುವ ಹಾಗೆ. ಮತ್ತೊಮ್ಮೆ, "ಇವಳೇ..."

ರಸ್ತೆಯ ತುದಿಯ ಎಸ್‌ಟಿಡಿ ಬೂತಿನಿಂದ ಮನೆಗೆ ಫೋನು ಮಾಡಿದೆ. ಸರೋಜ ತೆಗೆದುಕೊಂಡಳು. "ನಿಮ್ಮಣ್ಣ ಎಲ್ಲಿ?" ಎಂದೆ. "ಇಲ್ಲೇ ಮಂಚದ ಮೇಲವ್ರೆ ಅತ್ತಿಗೆ, ಇನ್ನೆಲ್ಲಿಗೆ ಓಗ್ತಾರೆ?" ಎಂದು ನಕ್ಕಳು. ಫೋನನ್ನು ಅವರ ಕೈಗೆ ಕೊಟ್ಟಳು. ಇವರ ದನಿ ಕೇಳಿದ್ದೇ ತಡ, ನಾನು ಬೂತಿನಲ್ಲಿ ನಿಂತೇ ಅತ್ತೆ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಇವರು ಮಂಚದಿಂದಲೇ ಕತ್ತು ಹೊರಳಿಸಿ, "ಬಂದ್ಯಾ? ಎಷ್ಟು ಹೊತ್ತು ಮಾಡ್ದೆ?" ಎಂದರು. ನಾನು ಹೊಸ್ತಿಲಲ್ಲೇ ನಿಂತೆ. ಸರೋಜ ಕೈ ಹಿಡಿದು ಒಳಗೆ ಕರೆದುಕೊಂಡಳು. ಮೊದಲು ಇವರ ಪ್ಲಾಸ್ಟರನ್ನು ಮುಟ್ಟಿ ನೋಡಿದೆ.

ಮರುದಿನ ನನ್ನ ತಮ್ಮ ಪೇಂಟರನ್ನು ಕರೆದುಕೊಂಡು ಹೋಗಿ ಬಾಗಿಲು ತೆಗೆಸಿದ. ಒಳಗೆ ಯಾರೂ ಇರಲಿಲ್ಲ. ಬಾಲ್ಕನಿಯ ಕಂಬಿ ಗಟ್ಟಿಯಾಗಿತ್ತು, ಬೆಕ್ಕು ನುಸುಳುವಷ್ಟು ಜಾಗವಿರಲಿಲ್ಲ. ಹಿಂದೆ ಅಲ್ಲಿದ್ದವರನ್ನೆಲ್ಲ ವಿಚಾರಿಸಿದೆವು. ಸಾವಿಲ್ಲ, ನೋವಿಲ್ಲ, ಜಗಳವೂ ಇಲ್ಲ. ಮೂರು ಸಂಸಾರ ನೆಮ್ಮದಿಯಾಗಿ ಬಾಳಿ ಹೋಗಿದ್ದ ಮನೆ. ಅಷ್ಟಕ್ಕೂ ನಾನು ಕಂಡದ್ದು ಸತ್ತವರನ್ನಲ್ಲವಲ್ಲ.

ಇವರಿಗೆ ಎಲ್ಲ ಹೇಳಿದೆ. ಕಾಲು ಸರಿಯಾಗಲಿ, ನಾನೇ ಹೋಗಿ ಆ ಬಾಲ್ಕನಿಯಲ್ಲಿ ಕೂತು ನೋಡುತ್ತೇನೆ ಎಂದು ಹಟ ಹಿಡಿದರು. ಆ ಮಾತು ಕೇಳಿದಾಗ ಆದ ಭಯ ನನಗೆ ಆ ಮನೆಯೊಳಗೂ ಆಗಿರಲಿಲ್ಲ. ಇಬ್ಬರೂ ಎದುರಾದರೆ ಯಾರು ಹೊರಗೆ ಬರುತ್ತಾರೆ? ಅನ್ನ ನೀರು ಬಿಟ್ಟು ಕೂತೆ. ಕೊನೆಗೆ ಇವರು ಸೋತರು. ಪ್ಲಾಸ್ಟರ್ ಬಿಚ್ಚುವ ಮೊದಲೇ ಮನೆ ಮಾರಿದೆವು. ಕೊಂಡವರಿಗೆ ನಡೆದದ್ದನ್ನು ಮುಚ್ಚಿಡಲಿಲ್ಲ. ಅವರು ನಕ್ಕರು. ಅವರಿಗೆ ಇವತ್ತಿನವರೆಗೂ ಅಲ್ಲಿ ಏನೂ ಕಂಡಿಲ್ಲವಂತೆ.

ಇವರು ಈಗ ನಿವೃತ್ತರು, ಆರೋಗ್ಯವಾಗಿದ್ದಾರೆ. ಬಿಸಿಲಲ್ಲಿ ಓಡಾಡಿ ಆದ ಭ್ರಮೆ ಅದು ಎಂದು ಎಷ್ಟೋ ವರ್ಷ ನನ್ನನ್ನು ರೇಗಿಸಿದರು. ಹಾಗಾದರೆ ರೇಣುಕಾ? ಜಯಮ್ಮ? ಎಂದು ನಾನು ತಿರುಗಿ ಕೇಳುತ್ತಿದ್ದೆ. ಈಚೆಗೆ ಒಂದು ಸಂಜೆ ಜಗಲಿಯಲ್ಲಿ ಕೂತಿದ್ದಾಗ ಇವರು ಇದ್ದಕ್ಕಿದ್ದ ಹಾಗೆ, "ಅವನು ನಿನಗೋಸ್ಕರ ಕಾಯ್ತಾ ಇದ್ದ ಅನ್ನಿಸ್ತಾ?" ಎಂದು ಕೇಳಿದರು. ದನಿಯಲ್ಲಿ ತಮಾಷೆ ಇರಲಿಲ್ಲ.

"ಹೂಂ" ಎಂದೆ.

ತಲೆಯಾಡಿಸಿ ಬೀದಿಯ ಕಡೆ ನೋಡಿದರು. ಆಮೇಲೆ, "ಪಾಪ" ಎಂದರು.

ಯಾರಿಗೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.