ಮೂರು ಕವಳದ ದಾರಿ

ನಮ್ಮ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಒಂದು ಜಾಗಕ್ಕೆ ಹೋಗುವುದಕ್ಕಿಂತ ಹೋಗುವ ಪ್ಲಾನು ಹಾಕುವುದರಲ್ಲೇ ಸುಖ ಜಾಸ್ತಿ. ಶೆಟ್ಟಿಕೊಪ್ಪದ ಮನೆಯಿಂದ ಬಾಳೆಹೊನ್ನೂರಿಗೆ ಮದುವೆಯೂಟಕ್ಕೆ ಹೊರಟರೂ ಹಾಳೆಯ ಮೇಲೆ ಗೆರೆ ಎಳೆಯುವ ಮನುಷ್ಯ. ಅಂಥವರ ಎದುರು ನಾನು ಹೋದ ವರ್ಷ ಬಾಯಿ ಜಾರಿದೆ. ಕೆರೆಕಟ್ಟೆ ಊರಿನ ಆಚೆ ಗುಡ್ಡದ ಮೇಲೊಂದು ಕೆರೆಯಿದೆಯಲ್ಲ, ಮಳೆ ನಿಂತ ಮೇಲೆ ಒಂದು ದಿನ ಅದನ್ನು ಸುತ್ತಿ ಬರೋಣ ಎಂದುಬಿಟ್ಟೆ.

ಮರುದಿನವೇ ವಾಟ್ಸಾಪ್ ಗ್ರೂಪ್ ಹುಟ್ಟಿತು. ಇದ್ದವರು ನಾಲ್ಕೇ ಜನ: ಭಾವ, ಅಕ್ಕ, ನಾನು, ನನ್ನ ಗಂಡ. ನನ್ನ ಗಂಡ ದಿನಾ ಬೆಳಿಗ್ಗೆ ಶುಭೋದಯದ ಗುಲಾಬಿ ಹಾಕಿ ತಮ್ಮ ಕರ್ತವ್ಯ ಮುಗಿಸುತ್ತಿದ್ದರು. ಉಳಿದದ್ದೆಲ್ಲ ಭಾವನದು. ಕಾಲಿಗೆ ಇಂಬಳ ಹತ್ತಿ ರಕ್ತ ಹೀರಿದರೆ ಸುಣ್ಣ ಹಚ್ಚುವುದೋ ನಶ್ಯ ಹಚ್ಚುವುದೋ ಎಂಬ ಚರ್ಚೆಯೇ ಒಂದು ವಾರ ನಡೆಯಿತು. ಡಿಸೆಂಬರಿನಲ್ಲಿ ಇಂಬಳ ಎಲ್ಲಿಂದ ಬರುತ್ತೆ ಭಾವ ಎಂದರೆ, ‘ಬಂದ್ರೆ?’ ಎಂದರು. ಆ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಇನ್ನೂ ಹುಟ್ಟಿಲ್ಲ. ಅರಣ್ಯ ಇಲಾಖೆಗೆ ಬರೆದ ಅನುಮತಿ ಅರ್ಜಿಯನ್ನು ಕೊಪ್ಪದ ನನ್ನ ಜೆರಾಕ್ಸ್ ಅಂಗಡಿಯಲ್ಲೇ ನಾಲ್ಕು ಪ್ರತಿ ಮಾಡಿಸಿದರು. ಅದರಲ್ಲಿ ಉದ್ದೇಶ ಎಂಬಲ್ಲಿ ‘ಸುತ್ತುವುದು’ ಎಂದು ಬರೆದಿದ್ದರು.

ಒಂದು ಭಾನುವಾರ ಅವರ ಮನೆಯಲ್ಲಿ ಕೂತಾಗ ಕೆಲಸದ ಪಟ್ಟಿ ಓದಿದರು. ಮುಂದೆ ನಡೆಯುವುದು ಭಾವ, ನೀರು ಹೊರುವುದು ನನ್ನ ಗಂಡ, ಫೋಟೊ ತೆಗೆಯುವುದು ನಾನು. ಅಕ್ಕನಿಗೆ, ಜೀಪಿನಲ್ಲಿ ಕೂತು ಬುತ್ತಿ ಕಾಯುವುದು.

ಎರಡು ವರ್ಷದ ಹಿಂದೆ ಅಕ್ಕನ ಮಂಡಿಗೆ ಆಪರೇಷನ್ ಆಗಿತ್ತು. ಅದಕ್ಕೆ ಮೊದಲು ದಿನಕ್ಕೆ ನಾಲ್ಕು ಸಲ ತೋಟ ಇಳಿದು ಹತ್ತುತ್ತಿದ್ದವಳು. ಡಾಕ್ಟರು ದಿನಾ ನಡೆಯಿರಿ ಎಂದೇ ಹೇಳಿ ಕಳಿಸಿದ್ದರು. ನಾವೆಲ್ಲ ಸೇರಿ ಅದನ್ನು ‘ಕೂತ್ಕೋ’ ಎಂದು ತಿದ್ದಿಕೊಂಡಿದ್ದೆವು. ಎದ್ದರೆ ಕೂತ್ಕೋ, ಒಲೆ ಹತ್ತಿರ ಹೋದರೆ ಕೂತ್ಕೋ. ನಾನೇನೂ ಕಡಿಮೆಯಿಲ್ಲ, ಹೋದಾಗಲೆಲ್ಲ ಕುರ್ಚಿ ಎಳೆದುಕೊಟ್ಟು ಪುಣ್ಯ ಕಟ್ಟಿಕೊಳ್ಳುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

‘ನಾನು ಕೆರೆ ಸುತ್ತಕ್ಕೆ ಬರೋದು, ಬುತ್ತಿ ಕಾಯಕ್ಕಲ್ಲ’ ಎಂದಳು ಅಕ್ಕ.

ಭಾವ ಪೆನ್ನು ಕೆಳಗಿಟ್ಟರು. ‘ಎಷ್ಟು ದೂರ ಅಂತ ಗೊತ್ತಾಗ್ಲಿ ಮಾರಾಯ್ತಿ. ಮೂರು ಕಿಲೋಮೀಟರ್ ಒಳಗಿದ್ರೆ ಬಾ. ಮೇಲಿದ್ರೆ ಬುತ್ತಿನೇ ಸೈ.’

ಗೊತ್ತಾಗುವುದು ಹೇಗೆ? ಫೋನಿನ ಮ್ಯಾಪಿನಲ್ಲಿ ಕೆರೆಯಿತ್ತು, ದಾರಿಯಿರಲಿಲ್ಲ. ಆಗ ಅಕ್ಕನೇ, ‘ಕೆರೆಕಟ್ಟೆ ಅಜ್ಜಯ್ಯನ್ನ ಕೇಳಿ. ಅವ್ರಷ್ಟು ಸಲ ಆ ಕೆರೆ ಸುತ್ತಿದವ್ರು ಇನ್ಯಾರಿದಾರೆ?’ ಎಂದಳು. ಅಜ್ಜಯ್ಯ ನಮಗೆ ದೂರದ ನೆಂಟರು, ಮೊನ್ನೆ ಮೊನ್ನೆಯವರೆಗೂ ದನ ಹುಡುಕಿಕೊಂಡು ಆ ಗುಡ್ಡ ಹತ್ತುತ್ತಿದ್ದವರು. ಭಾವ ಸ್ಪೀಕರ್ ಹಾಕಿ ಫೋನ್ ಮಾಡಿದರು.

‘ಒಂದು ಸುತ್ತಾ? ಎಂತ ದೂರ ಮಾರಾಯ, ಮೂರು ಕವಳ ಅಷ್ಟೆ’ ಎಂದರು ಅಜ್ಜಯ್ಯ.

ಎಲೆ, ಅಡಿಕೆ, ಸುಣ್ಣ ಬಾಯಿಗೆ ಹಾಕಿದರೆ ಅದು ಕವಳ. ಒಂದು ಕವಳ ಮುಗಿಯುವಷ್ಟರಲ್ಲಿ ಎಷ್ಟು ನಡೆಯುತ್ತೇವೋ ಅದು ಒಂದು ಕವಳದ ದಾರಿ. ನಮ್ಮ ಹಳಬರ ಅಳತೆ ಇದೇ. ಭಾವ ಬಿಡುವವರೇ? ಮರುದಿನ ಬಾಯ್ತುಂಬ ಕವಳ ಹಾಕಿಕೊಂಡು, ಕೈಯಲ್ಲಿ ಫೋನು ಹಿಡಿದು, ಮನೆಯಿಂದ ರಸ್ತೆಗುಂಟ ನಡೆದರು. ಎದುರು ಸಿಕ್ಕವರು ಮಾತಾಡಿಸಿದರೆ ಕೈಸನ್ನೆಯಲ್ಲೇ ಉತ್ತರ. ಉಗುಳಿದ ಜಾಗದಲ್ಲಿ ನೋಡಿದರೆ ಎಂಟುನೂರು ಮೀಟರ್. ಮೂರರಿಂದ ಗುಣಿಸಿ ಗ್ರೂಪಿಗೆ ಹಾಕಿದರು: ‘ಎರಡೂವರೆ ಕಿ.ಮೀ. ಹೆಂಗಸರೂ ನಡೆಯಬಹುದು.’ ಅಕ್ಕ ಒಂದು ಕೈಮುಗಿಯುವ ಚಿತ್ರ ಹಾಕಿದಳು. ಅಷ್ಟಕ್ಕೇ ಸುಮ್ಮನಾದಳಲ್ಲ ಎಂದು ನನಗೆ ಆಗಲೇ ಅನುಮಾನ ಬರಬೇಕಿತ್ತು.

ಹೊರಟ ದಿನ ಬೆಳಿಗ್ಗೆ ಜೀಪು ಕೆರೆ ಏರಿಯ ಹತ್ತಿರ ನಿಂತಿತು. ಬುತ್ತಿಯ ಚೀಲವನ್ನು ಅಕ್ಕ ಯಾರಿಗೂ ಕೊಡದೆ ತನ್ನ ಹೆಗಲಿಗೇ ಹಾಕಿಕೊಂಡಳು. ಕೆರೆಯ ಅಂಚಿಗೆ ದಾರಿಯೇ ಇರಲಿಲ್ಲ. ಕಾಲುದಾರಿ ಒಂದೊಂದು ದಿಬ್ಬವನ್ನೂ ಬಳಸಿಕೊಂಡು ಹೋಗುತ್ತಿತ್ತು. ಭಾವ ಮೊದಲನೇ ಕವಳ ಉಗುಳಿ ‘ಒಂದು’ ಎಂದರು. ಎರಡನೆಯದಕ್ಕೆ ಎರಡು ಬೆರಳು ತೋರಿಸಿದರು. ಮೂರನೆಯದು ಮುಗಿದಾಗ ಲೆಕ್ಕದ ಪ್ರಕಾರ ನಾವು ಜೀಪಿನಲ್ಲಿರಬೇಕಿತ್ತು. ಜೀಪು ನೀರಿನ ಆಚೆ ದಡದಲ್ಲಿ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಅಲ್ಲಿಂದಲೂ ನಡೆದೆವು, ಜೀಪು ದೊಡ್ಡದಾಗಲೇ ಇಲ್ಲ. ಒಂದು ಬಂಡೆಯ ಹತ್ತಿರ ಭಾವ ನಿಂತೇಬಿಟ್ಟರು.

‘ಆ ಅಜ್ಜಯ್ಯಂಗೆ ಅರಳುಮರಳು! ಸಾಕು, ವಾಪಸ್ ಹೋಗಣ. ಇವಳ ಮಂಡಿ ಗತಿ ಎಂತ ಆಗ್ಬೇಕು?’

ಅಕ್ಕ ಕೋಲೂರಿಕೊಂಡು ನಿಂತಿದ್ದಳು. ಮುಖ ಬೆವೆತಿತ್ತು, ಉಸಿರು ಮಾತ್ರ ನೆಟ್ಟಗಿತ್ತು. ‘ಅರ್ಧ ದಾಟಿದೀವಿ. ಇನ್ನು ವಾಪಸ್ ಹೋಗದಕ್ಕಿಂತ ಮುಂದೆ ಹೋಗದೇ ಹತ್ರ. ಕೆರೆ ಅಲ್ದಾ?’ ಎಂದಳು. ಆಮೇಲೆ ನಿಧಾನಕ್ಕೆ, ‘ಅಜ್ಜಯ್ಯಂಗೆ ಎಂತ ಅರಳುಮರಳೂ ಇಲ್ಲ. ಅವ್ರ ಬಾಯಲ್ಲಿ ಹಲ್ಲಿಲ್ಲ, ಅಷ್ಟೆ. ಕವಳನ ಕುಟ್ಟಾಣಿಲಿ ಕುಟ್ಟಿ, ದವಡೆಲಿಟ್ಕಂಡು ಚೀಪ್ತಾರೆ. ಅವ್ರ ಒಂದು ಕವಳ ಒಂದು ಗಂಟೆ ಬರುತ್ತೆ.’

ನನ್ನ ಗಂಡ ನೀರಿನ ಬಾಟಲಿ ಬಾಯಿಗಿಟ್ಟವರು ಕೆಮ್ಮಿ ಕೆಮ್ಮಿ ನಕ್ಕರು. ಭಾವ ನಗಲಿಲ್ಲ.

‘ನಿಂಗೆ ಮೊದ್ಲೇ ಗೊತ್ತಿತ್ತಾ?’

‘ಗೊತ್ತಿದ್ದೇ ಅವ್ರನ್ನ ಕೇಳಿ ಅಂದಿದ್ದು. ಏಳು ಕಿಲೋಮೀಟರ್ ಅಂದಿದ್ರೆ ಕರ್ಕಂಡು ಬರ್ತಿದ್ರಾ?’ ಅವಳ ದನಿ ಒಡೆಯಿತು. ‘ನೀವು ಮಧ್ಯಾಹ್ನ ಮಲಗಿದಾಗೆಲ್ಲ ಅಂಗಳ ಸುತ್ತಿದೀನಿ. ಮೂರು ತಿಂಗಳು. ಯಾರಾದ್ರೂ ನೋಡಿದ್ರೆ ಮತ್ತೆ ಕೂತ್ಕೋ ಅಂತಾರೆ ಅಂತ ಕಳ್ಳಿ ಹಾಗೆ ನಡೆದಿದೀನಿ.’

ಭಾವ ಮುಖ ಒರೆಸಿಕೊಂಡು, ಬಂಡೆಯ ಮೇಲಿನ ಎಲೆ ತಳ್ಳಿ ಜಾಗ ಮಾಡಿ, ತಾವು ಒಂದು ಬದಿಗೆ ಕೂತು, ಸಣ್ಣ ದನಿಯಲ್ಲಿ ಕೇಳಿದರು: ‘ಸ್ವಲ್ಪ ಹೊತ್ತು ಕೂತ್ಕಳಣ?’

‘ನೀವು ಕೂತ್ಕಳಿ. ನಾನು ಎರಡು ವರ್ಷ ಕೂತಾಗಿದೆ’ ಎಂದು ಅಕ್ಕ ಬುತ್ತಿಯ ಚೀಲವನ್ನು ಹೆಗಲಿಂದ ತೆಗೆದು ಅವರ ತೊಡೆಯ ಮೇಲಿಟ್ಟಳು. ‘ಇದನ್ನ ಕಾಯ್ತಿರಿ.’

ಅವಳು ತಿರುಗಿ ನೋಡದೆ ಹೊರಟಳು. ನಾನು ಫೋಟೊ ತೆಗೆಯುವುದನ್ನೂ ಮರೆತು ಹಿಂದೆ ನಡೆದೆ. ಸ್ವಲ್ಪ ದೂರ ಹೋದ ಮೇಲೆ ತಿರುಗಿದರೆ, ಭಾವ ಬುತ್ತಿ ಹೊತ್ತುಕೊಂಡು ಎಲ್ಲರಿಗಿಂತ ಕೊನೆಯಲ್ಲಿ ಬರುತ್ತಿದ್ದರು.